ಎರಡು ಮುಖದ ಕಲ್ಲು: ಅಮರಾವತಿಯ ಒಂದು ಫಲಕ ಮತ್ತು ಕಾಲನಿರ್ದೇಶದ ಪ್ರಶ್ನೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಅಮರಾವತಿ ಸಂಗ್ರಹದಲ್ಲಿ ಎರಡೂ ಬದಿಗಳಲ್ಲಿ ಕೆತ್ತನೆಯುಳ್ಳ ಸುಣ್ಣಕಲ್ಲಿನ ಫಲಕವೊಂದಿದೆ. ಎತ್ತರ ಸುಮಾರು ಒಂದೂಕಾಲು ಮೀಟರ್. ಒಂದು ಮುಖದಲ್ಲಿ ಬೋಧಿವೃಕ್ಷ, ಅದರಡಿಯಲ್ಲಿ ಬರಿದಾದ ಆಸನ, ಇಕ್ಕೆಲಗಳಲ್ಲಿ ಆರಾಧಕರು, ಇದನ್ನು ಕ್ರಿ.ಪೂ. 1ನೆಯ ಶತಮಾನದ ಕೆಲಸವೆಂದು ಗಣಿಸಲಾಗಿದೆ. ಇನ್ನೊಂದು ಮುಖದಲ್ಲಿ ಸಿಂಹಗಳು, ಐದು ಆಯಕಸ್ತಂಭಗಳು, ಕಟಾಂಜನಗಳಿಂದ ಶೋಭಿಸುವ ಸ್ತೂಪ, ಇದು ಕ್ರಿ.ಶ. 3ನೆಯ ಶತಮಾನದ್ದು. ಹಾಗಾದರೆ ಈ ಫಲಕದ ಕಾಲ ಯಾವುದು?

ಬುದ್ಧನನ್ನು ಸಂಕೇತದಿಂದ ಸೂಚಿಸುತ್ತಿದ್ದ ಯುಗ ಮುಗಿದು ಪ್ರತಿಮಾಯುಗ ಆರಂಭವಾದುದಕ್ಕೆ ಈ ಕಲ್ಲನ್ನು ಸಾಕ್ಷಿಯಾಗಿಸುವುದು ಸುಲಭ. ಆದರೆ ಎರಡನೆಯ ಮುಖದಲ್ಲಿಯೂ ಪ್ರಧಾನವಾಗಿರುವುದು ಸ್ತೂಪವೇ. ಹಳೆಯ ಕೆತ್ತನೆಯನ್ನು ಕೆತ್ತಿ ತೆಗೆಯದೆ ಕಲ್ಲನ್ನು ತಿರುಗಿಸಲಾಗಿದೆ. ಸ್ತೂಪವನ್ನು ನವೀಕರಿಸಿದವರು ಹಳೆಯದನ್ನು ನಿರಾಕರಿಸಿದರೆನ್ನಲು ಇದರಲ್ಲಿ ಆಧಾರವಿಲ್ಲ. ಒಳ್ಳೆಯ ಕಲ್ಲನ್ನು ಮತ್ತೆ ಬಳಸಿದರೆಂಬುದಷ್ಟೇ ಸ್ಪಷ್ಟ.

ಈ ಕಲ್ಲಿನ ಚರಿತ್ರೆ 3ನೆಯ ಶತಮಾನಕ್ಕೆ ನಿಲ್ಲುವುದೂ ಇಲ್ಲ. 18ನೆಯ ಶತಮಾನದ ಕೊನೆಯಲ್ಲಿ ಅಮರಾವತಿಯಲ್ಲಿ ಹೊಸ ಪಟ್ಟಣ ಕಟ್ಟುವಾಗ ದಿಬ್ಬದ ಕಲ್ಲುಗಳನ್ನು ಕಿತ್ತು ಬಳಸಲಾಯಿತು. ಕಾಲಿನ್ ಮೆಕೆಂಜಿ 1816ರಲ್ಲಿ ಮರಳಿ ಬಂದು ಉಳಿದುದರ ಚಿತ್ರಗಳನ್ನು ಬರೆಯಿಸಿದನು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಯಿಸಿ ಮದರಾಸಿಗೆ ಸಾಗಿಸಿದ ಶಿಲ್ಪಗಳು ಅನಂತರ ಲಂಡನ್ ಸೇರಿದವು. ಸುಣ್ಣಕಲ್ಲಾಗಿದ್ದರೂ ಅವಕ್ಕೆ ‘ಎಲಿಯಟ್ ಮಾರ್ಬಲ್ಸ್’ ಎಂಬ ಹೆಸರು ಬಿದ್ದಿತು. ಅಮೃತಶಿಲೆಯೆಂಬ ಆ ತಪ್ಪು ಹೆಸರೂ ಈಗ ಅವುಗಳ ಚರಿತ್ರೆಯ ಭಾಗವೇ.

ಕನ್ನಡ ವಿದ್ವಾಂಸರಿಗೆ ಇದಕ್ಕೆ ಹತ್ತಿರದ ನಿದರ್ಶನ ಕೃಷ್ಣೆಯ ಉಪನದಿ ಭೀಮೆಯ ದಡದ ಸನ್ನತಿಯಲ್ಲಿದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಬದಿಗಳಲ್ಲಿ ಅಶೋಕನ ಶಾಸನಗಳಿರುವುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ವಿಗ್ರಹವನ್ನು ನಿಲ್ಲಿಸಲು ಕೊರೆದ ರಂಧ್ರದಿಂದ ಅಕ್ಷರಗಳು ನಷ್ಟವಾಗಿವೆ. ಶಾಸನಪಾಠದ ಸಂಪಾದಕನಿಗೆ ಆ ರಂಧ್ರ ಒಂದು ಲೋಪ. ಆದರೆ ಸ್ಥಳದ ಚರಿತ್ರೆಯನ್ನು ಬರೆಯುವವನಿಗೆ ಅದೂ ಒಂದು ದಾಖಲೆ: ಓದು ಮರೆತುಹೋದ ಮೇಲೂ ಆ ಕಲ್ಲು ಪೂಜಾಸ್ಥಾನದಲ್ಲಿ ಉಳಿದಿತ್ತು.

ಗ್ರಂಥಸಂಪಾದನೆಯಲ್ಲಿ ನಾವು ಕೃತಿಯ ಕಾಲವನ್ನೂ ಪ್ರತಿಯ ಕಾಲವನ್ನೂ ಬೇರೆ ಬೇರೆಯಾಗಿ ಹೇಳುತ್ತೇವೆ. ಲಿಪಿಕಾರನ ತಿದ್ದುಪಡಿಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತೇವೆ. ಕಲ್ಲಿಗೂ ಅದೇ ನ್ಯಾಯ ಸಲ್ಲಬೇಕು. ಮೊದಲ ಕೆತ್ತನೆ, ಮರುಕೆತ್ತನೆ, ಸ್ಥಳಾಂತರ, ಹೊಸ ಹೆಸರು ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಕಾಲವಿದೆ. ಒಂದು ವಸ್ತುವಿಗೆ ಒಂದೇ ಕಾಲವನ್ನು ಬರೆದ ಕ್ಷಣದಲ್ಲಿ, ಅದನ್ನು ಮುಟ್ಟಿದ ಉಳಿದೆಲ್ಲ ಕೈಗಳನ್ನು ನಾವು ಚರಿತ್ರೆಯಿಂದ ಅಳಿಸಿರುತ್ತೇವೆ.