ಪೊಲೀಸರ ಮೇಲೆ ಕೇಸ್ ಹಾಕೋಕಾಗುತ್ತಾ?

1947ರ ಸೆಪ್ಟೆಂಬರ್ 20. ದೇಶ ಎರಡಾಗಿ ಐದು ವಾರ ಅಷ್ಟೇ. ಪಂಜಾಬ್ ಹೊತ್ತಿ ಉರೀತಿದೆ. ಅಮೃತಸರದ ಚಿನ್ನ-ಬೆಳ್ಳಿ ವ್ಯಾಪಾರಿ ರಲಿಯಾ ರಾಮ್ ಅನ್ನೋರು ಫ್ರಾಂಟಿಯರ್ ಮೇಲ್ ರೈಲಿನಲ್ಲಿ ಬಂದು, ಇವತ್ತಿನ ಉತ್ತರ ಪ್ರದೇಶದ ಮೀರತ್‌ನಲ್ಲಿ ಇಳೀತಾರೆ. ಹೊತ್ತು ನಡುರಾತ್ರಿ. ಜೊತೆಗೆ ಮಾರೋದಕ್ಕೆ ಅಂತ ತಂದ 103 ತೊಲಕ್ಕೂ ಹೆಚ್ಚು ಚಿನ್ನ, ಎರಡು ಮಣಕ್ಕೂ ಹೆಚ್ಚು ಬೆಳ್ಳಿ. ಚಿನ್ನ ಇವತ್ತಿನ ಲೆಕ್ಕದಲ್ಲಿ ಸುಮಾರು 1,200 ಗ್ರಾಂ. ಚೌಪ್ಲಾ ಬಜಾರಿನಲ್ಲಿ ಮೂವರು ಕಾನ್‌ಸ್ಟೇಬಲ್‌ಗಳು ಅವರನ್ನ ಹಿಡಿದರು. ಮಾಲಿನ ಸಮೇತ ಕೋತ್ವಾಲಿ ಠಾಣೆಗೆ ಒಯ್ದರು. ಲಾಕಪ್ಪಿಗೆ ಹಾಕಿದರು.

ಮರುದಿನ ಜಾಮೀನು ಸಿಕ್ಕಿತು. ಸ್ವಲ್ಪ ದಿನಕ್ಕೆ ಬೆಳ್ಳಿಯೂ ವಾಪಸ್ ಬಂತು. ಆದರೆ ಚಿನ್ನ? ಕೇಳಿ ಕೇಳಿ ಸಾಕಾಯಿತು. ಕೊನೆಗೆ ಗೊತ್ತಾಗಿದ್ದು ಏನು ಅಂದರೆ, ಠಾಣೆಯ ಮಾಲ್‌ಖಾನೆಯ ಉಸ್ತುವಾರಿ ಹೊತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅಕ್ಟೋಬರ್ 17ರಂದು ಆ ಚಿನ್ನವನ್ನೂ ಒಂದಿಷ್ಟು ನಗದನ್ನೂ ತಗೊಂಡು ಪಾಕಿಸ್ತಾನಕ್ಕೆ ಪರಾರಿಯಾಗಿದ್ದ!

ವ್ಯಾಪಾರಿಯ ಅಂಗಡಿಯವರು ಸರ್ಕಾರದ ಮೇಲೆ ದಾವೆ ಹೂಡಿದರು. ಕೇಳಿದ್ದು ಚಿನ್ನದ ಬೆಲೆ, ಮೇಲೆ ಸ್ವಲ್ಪ ಬಡ್ಡಿ. ಒಟ್ಟು ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ. ಕೆಳಗಿನ ಕೋರ್ಟ್ ಕೊಡಿ ಅಂತು. ಅಲಹಾಬಾದ್ ಹೈಕೋರ್ಟ್ ಕೊಡಬೇಕಾಗಿಲ್ಲ ಅಂತು. ಸುಪ್ರೀಂ ಕೋರ್ಟ್ ಐವರು ನ್ಯಾಯಮೂರ್ತಿಗಳ ಪೀಠ ಕೂರಿಸಿ 1964ರ ಸೆಪ್ಟೆಂಬರ್ 29ರಂದು ತೀರ್ಪು ಕೊಟ್ಟಿತು. ಪೊಲೀಸರು ಬೇಜವಾಬ್ದಾರಿ ತೋರಿಸಿದ್ದು ನಿಜ, ವಶಪಡಿಸಿಕೊಂಡ ಮಾಲನ್ನು ಕಾಪಾಡೋ ನಿಯಮ ಪಾಲಿಸದೇ ಇದ್ದಿದ್ದೂ ನಿಜ. ಆದರೆ ಬಂಧಿಸೋದು, ಶೋಧ ಮಾಡೋದು, ಮಾಲು ಜಪ್ತಿ ಮಾಡೋದು ಸಾರ್ವಭೌಮ ಅಧಿಕಾರ. ಆ ಅಧಿಕಾರ ಚಲಾಯಿಸುವಾಗ ನೌಕರ ತಪ್ಪು ಮಾಡಿದರೆ ಸರ್ಕಾರ ಹೊಣೆ ಅಲ್ಲ. ಮೇಲ್ಮನವಿ ವಜಾ. ಹದಿನೇಳು ವರ್ಷ ಅಲೆದವರಿಗೆ ಸಿಕ್ಕಿದ್ದು ಸೊನ್ನೆ.

ವೀಕ್ಷಕರು ನನ್ನನ್ನ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. "ಸಾರ್, ಪೊಲೀಸರು ಸುಮ್ಸುಮ್ನೆ ಎತ್ತಾಕೊಂಡು ಹೋಗಿ ಹೊಡೆದರೆ ಅವರ ಮೇಲೆ ಕೇಸ್ ಹಾಕೋಕಾಗುತ್ತಾ?" ಆಗುತ್ತೆ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಬಹುದು. ಆದರೆ ಆ "ಆಗುತ್ತೆ" ಅನ್ನೋ ಪದದ ಹಿಂದೆ ದೊಡ್ಡ ಇತಿಹಾಸ ಇದೆ. ಅದು ಗೊತ್ತಿಲ್ಲದೆ ಕೋರ್ಟ್ ಮೆಟ್ಟಿಲು ಹತ್ತಿದರೆ ಕಾಲು ನೋಯುತ್ತೆ, ಅಷ್ಟೇ.

ಈ ಸಾರ್ವಭೌಮ ಅಧಿಕಾರದ ಮಾತು ಎಲ್ಲಿಂದ ಬಂತು? ಹೇಳ್ತೀನಿ ಕೇಳಿ. ಕಲ್ಕತ್ತಾದಲ್ಲಿ ಸರ್ಕಾರಿ ಹಡಗುಕಟ್ಟೆಯ ಕೂಲಿಗಳು ದೊಡ್ಡ ಕಬ್ಬಿಣದ ತುಂಡು ಹೊತ್ತು ರಸ್ತೆಯಲ್ಲಿ ಹೋಗ್ತಿದ್ದರು. ಅವರ ಅಜಾಗರೂಕತೆಯಿಂದ ಒಂದು ಖಾಸಗಿ ಹಡಗು ಕಂಪನಿಯ ಗಾಡಿಯ ಕುದುರೆಗೆ ಪೆಟ್ಟಾಯಿತು. ಕಂಪನಿ ದಾವೆ ಹಾಕಿತು. 1861ರಲ್ಲಿ ಕೋರ್ಟ್ ಹೇಳಿತು: ಇದು ಯಾವ ಖಾಸಗಿಯವರೂ ಮಾಡಬಹುದಾದ ಕೆಲಸ, ಹಾಗಾಗಿ ಸರ್ಕಾರ ಪರಿಹಾರ ಕೊಡಲೇಬೇಕು. ರಾಜ್ಯಾಧಿಕಾರ ಇರೋರಷ್ಟೇ ಮಾಡಬಹುದಾದ ಕೆಲಸ ಆಗಿದ್ದರೆ ಮಾತು ಬೇರೆ. ಆ ಕುದುರೆಯ ಕೇಸಿನ ಗೆರೆಯನ್ನೇ ನೂರಾ ಮೂರು ವರ್ಷ ಆದಮೇಲೆ, ಸ್ವತಂತ್ರ ಭಾರತದಲ್ಲಿ, ಚಿನ್ನ ಕಳಕೊಂಡ ವ್ಯಾಪಾರಿಯ ಮುಂದೆ ಎಳೆದರು. ಕುದುರೆಗೆ ಪರಿಹಾರ ಸಿಕ್ಕಿತು, ಮನುಷ್ಯನಿಗೆ ಸಿಗಲಿಲ್ಲ.

ಇನ್ನೂ ಒಂದು ತಮಾಷೆ ನೋಡಿ. ಚಿನ್ನ ಹೋದ ಅದೇ 1947ರಲ್ಲಿ ಬ್ರಿಟನ್ ತನ್ನ ಪ್ರಜೆಗಳಿಗೆ ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕನ್ನ ಕಾನೂನು ಮಾಡಿ ಕೊಟ್ಟಿತ್ತು. ನಮಗೆ ಈ ತತ್ವ ಕಲಿಸಿದವರು ತಮ್ಮ ಮನೆಯಲ್ಲಿ ಅದನ್ನ ಕೈಬಿಟ್ಟರು. ನಾವು ಮಾತ್ರ ಜೋಪಾನವಾಗಿ ಇಟ್ಟುಕೊಂಡೆವು. 1956ರಲ್ಲಿ ನಮ್ಮ ಕಾನೂನು ಆಯೋಗ ತನ್ನ ಮೊದಲನೇ ವರದಿಯನ್ನೇ ಈ ವಿಷಯದ ಮೇಲೆ ಕೊಟ್ಟಿತ್ತು. ಚಿನ್ನದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಈ ಸ್ಥಿತಿ ತೃಪ್ತಿಕರ ಅಲ್ಲ, ಶಾಸಕಾಂಗ ಕಾನೂನು ಮಾಡಬೇಕು ಅಂತ ಹೇಳಿತ್ತು. 1965ರಲ್ಲಿ ಒಂದು ಮಸೂದೆ ಬಂತು, 1967ರಲ್ಲಿ ಇನ್ನೊಂದು. ಎರಡೂ ಕಾನೂನಾಗಲಿಲ್ಲ. 1979ರಲ್ಲಿ ಭಾರತ ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿದಾಗ ಏನು ಹೇಳಿತು ಗೊತ್ತಾ? ಅಕ್ರಮ ಬಂಧನಕ್ಕೆ ಸರ್ಕಾರದಿಂದ ಪರಿಹಾರ ಪಡೆಯುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ ಅಂತ, ಆ ಒಂದು ಕಲಮಿಗೆ ತಕರಾರು ಬರೆದೇ ಸೇರಿತು.

ಹಾಗಾದರೆ ಬಾಗಿಲು ತೆರೆದಿದ್ದು ಯಾರು? ಬಿಹಾರದ ರುದುಲ್ ಸಾಹ್ ಅನ್ನೋ ಒಬ್ಬ ಕೈದಿ. ಮುಜಫ್ಫರ್‌ಪುರದ ಸೆಷನ್ಸ್ ಕೋರ್ಟ್ ಆತನನ್ನ 1968ರ ಜೂನ್ 3ರಂದು ನಿರ್ದೋಷಿ ಅಂತ ಬಿಟ್ಟಿತ್ತು. ಜೈಲಿಂದ ಆತ ಹೊರಗೆ ಬಂದಿದ್ದು ಯಾವಾಗ? 1982ರ ಅಕ್ಟೋಬರ್ 16ಕ್ಕೆ! ನಿರ್ದೋಷಿಯಾದ ಮೇಲೂ ಹದಿನಾಲ್ಕು ವರ್ಷ ಒಳಗೆ. ಆತನಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ ಸರ್ಕಾರದ ಸಮಜಾಯಿಷಿ. ಅದನ್ನ ನಂಬುವಂಥ ದಾಖಲೆ ಕೋರ್ಟಿಗೆ ಕಾಣಲಿಲ್ಲ. 1983ರ ಆಗಸ್ಟ್ 1ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ, ಸಂವಿಧಾನದ 32ನೇ ವಿಧಿ ಬರೀ ಬಿಡುಗಡೆ ಮಾಡಿಸೋದಕ್ಕಷ್ಟೇ ಅಲ್ಲ, ಹಕ್ಕು ತುಳಿದವರಿಂದ ಹಣ ಕೊಡಿಸೋದಕ್ಕೂ ಇದೆ ಅಂತ ಹೇಳಿತು. ಮೊದಲು ಕೊಟ್ಟಿದ್ದ 5,000 ಸೇರಿ ಒಟ್ಟು 35,000 ರೂಪಾಯಿ. ಲೆಕ್ಕ ಹಾಕಿ, ದಿನಕ್ಕೆ ಏಳು ರೂಪಾಯಿಯೂ ಬೀಳಲ್ಲ. ಹಣ ಸಣ್ಣದು. ಆದರೆ ಅವತ್ತು ಮುರಿದಿದ್ದು ದೊಡ್ಡ ಗೋಡೆ.

ಎರಡು ವರ್ಷಕ್ಕೆ ಜಮ್ಮು-ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರ ಸರದಿ. ವಿಧಾನಸಭೆಗೆ ಹೊರಟವರನ್ನ ದಾರಿಯಲ್ಲೇ ಬಂಧಿಸಿದ್ದರು. 50,000 ರೂಪಾಯಿ ಪರಿಹಾರ. ಶಾಸಕರಿಗೇ ಈ ಗತಿ ಅಂದರೆ ಸಾಮಾನ್ಯರ ಪಾಡೇನು ಅಂತ ನೀವು ಕೇಳಬಹುದು. ಅದಕ್ಕೆ ಉತ್ತರ ಒಡಿಶಾದ ಒಬ್ಬ ತಾಯಿಯ ಪತ್ರದಲ್ಲಿದೆ.

ಆಕೆ ನೀಲಾಬತಿ ಬೆಹೆರಾ. ಸುಂದರ್‌ಗಢ ಜಿಲ್ಲೆಯವರು. 1987ರ ಡಿಸೆಂಬರ್ 1ರಂದು ಕಳ್ಳತನದ ವಿಚಾರಣೆ ಅಂತ 22 ವರ್ಷದ ಮಗ ಸುಮನ್‌ನನ್ನ ಪೊಲೀಸರು ಕರೆದೊಯ್ದರು. ಮರುದಿನ ಮಧ್ಯಾಹ್ನ ಮಗನ ಹೆಣ ರೈಲು ಹಳಿ ಮೇಲೆ ಸಿಕ್ಕಿತು, ಮೈತುಂಬ ಗಾಯ. ರಾತ್ರಿ ತಪ್ಪಿಸಿಕೊಂಡು ಓಡಿಹೋದ, ರೈಲಿಗೆ ಸಿಕ್ಕಿಬಿದ್ದ ಅಂತ ಪೊಲೀಸರ ಕತೆ. ತಾಯಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ವಕೀಲರಿಲ್ಲ, ಶುಲ್ಕ ಇಲ್ಲ, ಬರೀ ಪತ್ರ. ಕೋರ್ಟ್ ಅದನ್ನೇ ರಿಟ್ ಅರ್ಜಿ ಅಂತ ತಗೊಂಡಿತು. ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಠಾಣೆಯಲ್ಲಿ ಬಿದ್ದ ಪೆಟ್ಟಿನಿಂದಲೇ ಸಾವು ಅಂತ ವರದಿ ಬಂತು. 1993ರ ಮಾರ್ಚ್ 24ರಂದು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಒಂದೂವರೆ ಲಕ್ಷ ಪರಿಹಾರ ಕೊಡಿಸಿತು. ಜೊತೆಗೆ ಒಂದು ಮಾತು ಸ್ಪಷ್ಟ ಮಾಡಿತು. ಮೂಲಭೂತ ಹಕ್ಕು ಮುರಿದಾಗ "ನಮ್ಮದು ಸಾರ್ವಭೌಮ ಅಧಿಕಾರ" ಅನ್ನೋ ಆಟ ನಡೆಯಲ್ಲ. ಮೀರತ್‌ನ ಚಿನ್ನದ ತೀರ್ಪು ಸಾಧಾರಣ ಸಿವಿಲ್ ದಾವೆಗಷ್ಟೇ ಸೀಮಿತ.

ಆಮೇಲೆ ಬಂದಿದ್ದು 1996ರ ಡಿ.ಕೆ. ಬಸು ತೀರ್ಪು. ಅದೂ ಒಂದು ಪತ್ರದಿಂದ ಶುರುವಾದ ಕೇಸೇ. ಬಂಧಿಸೋ ಪೊಲೀಸರು ಹೆಸರಿನ ಪಟ್ಟಿ ಧರಿಸಿರಬೇಕು, ಸ್ಥಳದಲ್ಲೇ ಬಂಧನದ ಮೆಮೊ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಹೀಗೆ ಹನ್ನೊಂದು ಸೂಚನೆ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ ಕತೆ ನಿಮಗೆ ಗೊತ್ತೇ ಇದೆ. 1994ರಲ್ಲಿ ಕೇರಳ ಪೊಲೀಸರು ಗೂಢಚಾರಿಕೆ ಅಂತ ಬಂಧಿಸಿದರು. 1996ರಲ್ಲಿ ಸಿಬಿಐ ಇದೆಲ್ಲ ಸುಳ್ಳು ಅಂತು. ಸುಪ್ರೀಂ ಕೋರ್ಟ್ 50 ಲಕ್ಷ ಕೊಡಿಸಿದ್ದು 2018ರ ಸೆಪ್ಟೆಂಬರ್ 14ಕ್ಕೆ. ಅಷ್ಟು ಹೊತ್ತಿಗೆ ಅವರಿಗೆ 76 ವರ್ಷ. ರಾಕೆಟ್ ಎಂಜಿನ್ ಕಟ್ಟಬೇಕಾಗಿದ್ದ ವಯಸ್ಸು ಕೋರ್ಟ್ ಕಾರಿಡಾರಿನಲ್ಲಿ ಕಳೀತು.

ಈಗ ನನ್ನ ಪ್ರಶ್ನೆ. ಈ ಹಣ ಎಲ್ಲ ಕೊಟ್ಟಿದ್ದು ಯಾರು? ಸರ್ಕಾರ. ಸರ್ಕಾರದ ಹಣ ಯಾರದು? ನಿಮ್ಮದು, ನನ್ನದು. ಅಂದರೆ ಹೊಡೆದವರು ಒಬ್ಬರು, ದಂಡ ಕಟ್ಟಿದವರು ನಾವು! ದೆಹಲಿಯಲ್ಲಿ ಪೊಲೀಸ್ ಪೆಟ್ಟಿಗೆ ಒಂಬತ್ತು ವರ್ಷದ ಹುಡುಗ ಸತ್ತಾಗ ಸುಪ್ರೀಂ ಕೋರ್ಟ್ 75,000 ಕೊಡಿಸಿ, ಬೇಕಾದರೆ ತಪ್ಪಿತಸ್ಥ ಅಧಿಕಾರಿಗಳಿಂದ ವಸೂಲಿ ಮಾಡಿಕೊಳ್ಳಿ ಅಂತ 1989ರ ಕೊನೆಯಲ್ಲೇ ದೆಹಲಿ ಆಡಳಿತಕ್ಕೆ ಹೇಳಿತ್ತು. ದಾರಿ ಇದೆ. ಆ ದಾರಿಯಲ್ಲಿ ನಡೆಯೋ ಮನಸ್ಸು ಇರಬೇಕು.

ಅಧಿಕಾರಿಯ ಮೇಲೇ ನೇರವಾಗಿ ಹೋಗ್ತೀನಿ ಅಂದರೆ? ಅಲ್ಲಿ ಇನ್ನೊಂದು ಗೇಟ್ ಇದೆ. ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆ, 1963. ಅದರ 170ನೇ ಸೆಕ್ಷನ್ ಪ್ರಕಾರ, ಕರ್ತವ್ಯದ ಹೆಸರಲ್ಲಿ, ಕೊನೆಗೆ ಕರ್ತವ್ಯ ಮೀರಿ ಮಾಡಿದ ಕೃತ್ಯಕ್ಕೂ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಪೊಲೀಸರ ಮೇಲೆ ದಾವೆಯಾಗಲಿ ಕ್ರಿಮಿನಲ್ ಕೇಸಾಗಲಿ ನಡೆಯಲ್ಲ. 2020ರ ಜೂನ್‌ನಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೃತ್ಯಕ್ಕೂ ಕರ್ತವ್ಯಕ್ಕೂ ನಂಟು ಇದ್ದರೆ ಸಾಕು, ಅತಿರೇಕ ಆಗಿದ್ದರೂ ಅನುಮತಿ ಬೇಕೇ ಬೇಕು ಅಂತ ಹೇಳಿ, ಪೊಲೀಸ್ ಅಧಿಕಾರಿಯ ಮೇಲಿನ ಖಾಸಗಿ ದೂರನ್ನ ರದ್ದು ಮಾಡಿತು.

ಪೊಲೀಸರ ಪಕ್ಷದ ಮಾತನ್ನೂ ಹೇಳಬೇಕು. ರೌಡಿ ಹಿಡಿದಾಗಲೆಲ್ಲ ಅವನ ಕಡೆಯವರು ಸೇಡಿಗೆ ಒಂದೊಂದು ಕೇಸ್ ಜಡಿದರೆ ಯಾವ ಪಿಎಸ್‌ಐ ರಾತ್ರಿ ಗಸ್ತಿಗೆ ಹೋಗ್ತಾರೆ? ರಕ್ಷಣೆ ಬೇಕು, ಒಪ್ಪೋಣ. ಆದರೆ ಅನುಮತಿ ಕೊಡೋದೂ ಸರ್ಕಾರ, ಪೊಲೀಸರನ್ನ ನಡೆಸೋದೂ ಸರ್ಕಾರ. ಕಡತ ಮೇಜಿನ ಮೇಲೆ ಮಲಗಿದರೆ ಎಬ್ಬಿಸೋರು ಯಾರು? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೊಂದು ಮದ್ದಿದೆ. ಸರ್ಕಾರಿ ನೌಕರರ ಮೇಲಿನ ವಿಚಾರಣೆಗೆ ಅನುಮತಿ ಕೇಳಿ 120 ದಿನದಲ್ಲಿ ಸರ್ಕಾರ ತೀರ್ಮಾನ ಮಾಡದಿದ್ದರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. ಒಳ್ಳೇದು. ಆದರೆ ಅದೇ ಸಂಹಿತೆಯಲ್ಲಿ ಇನ್ನೊಂದು ಸೆಕ್ಷನ್ ನೋಡಿ. ಕಾರಣವಿಲ್ಲದೆ ಬಂಧನಕ್ಕೊಳಗಾದವರಿಗೆ ಮ್ಯಾಜಿಸ್ಟ್ರೇಟ್ ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ ಎಷ್ಟು? ಒಂದು ಸಾವಿರ ರೂಪಾಯಿ. ಅದನ್ನೂ ಕೊಡಬೇಕಾದ್ದು ಪೊಲೀಸರಲ್ಲ, ಬಂಧನ ಮಾಡಿಸಿದವರು. ಕಾನೂನಿನ ಹೆಸರು ಬದಲಾಯಿತು, ಸೆಕ್ಷನ್ ನಂಬರ್ ಬದಲಾಯಿತು, ಆ ಸಾವಿರ ಮಾತ್ರ ಹಾಗೇ ಉಳಿಯಿತು.

ಹಾಗಾಗಿ ನನ್ನ ಮಾತು ಇಷ್ಟೇ. ಯಾರನ್ನಾದರೂ ಕರೆದೊಯ್ದರೆ ಬಂಧನದ ಮೆಮೊ ಕೇಳಿ. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಪೆಟ್ಟು ಬಿದ್ದಿದ್ದರೆ ಅಲ್ಲೇ ಹೇಳಿ, ಬರೆಸಿ. ಆಸ್ಪತ್ರೆಯ ಚೀಟಿ ಜೋಪಾನ ಮಾಡಿ. ಅಕ್ರಮ ಬಂಧನದ ಸಿವಿಲ್ ದಾವೆಗೆ ಕಾಲಮಿತಿ ಒಂದೇ ವರ್ಷ, ಮರೀಬೇಡಿ. ಹೈಕೋರ್ಟಿನ ರಿಟ್ ದಾರಿ ನಿಮಗೂ ತೆರೆದಿದೆ. ಅದನ್ನ ತೆರೆಸಿದವರು ಮಂತ್ರಿಗಳಲ್ಲ, ಸಂಸತ್ತೂ ಅಲ್ಲ. ಬಿಹಾರದ ಒಬ್ಬ ಕೈದಿ, ಒಡಿಶಾದ ಒಬ್ಬ ತಾಯಿ. ಕಾನೂನು ಮಾಡ್ತೀವಿ ಅಂತ 1965ರಲ್ಲಿ ಮಸೂದೆ ತಂದ ಸಂಸತ್ತು ಇವತ್ತಿಗೂ ಆ ಕಾನೂನು ಮಾಡಿಲ್ಲ. ಮುಂದಿನ ಸಲ ನಿಮ್ಮ ಎಂಪಿ ಓಟು ಕೇಳೋದಕ್ಕೆ ಮನೆ ಬಾಗಿಲಿಗೆ ಬಂದಾಗ ಆ ಮಸೂದೆ ಏನಾಯ್ತು ಅಂತ ಒಂದು ಮಾತು ಕೇಳಿ.