ಘಟ್ಟ ಕಾಣದ ಹೊಳೆ

ಕರಾವಳಿಯ ನದಿಗಳೆಂದರೆ ಘಟ್ಟದಿಂದ ಇಳಿದು ಬರುವ ನೀರು ಎಂಬುದು ರೂಢಿಯ ತಿಳಿವಳಿಕೆ. ನೇತ್ರಾವತಿಯ ಮಟ್ಟಿಗೆ ಅದು ಸರಿ. ಕುದುರೆಮುಖದ ಸೀಮೆಯಲ್ಲಿ ಹುಟ್ಟುವ ಆ ನದಿಗೆ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹನಿಸುವ ಕಾಡು ಮತ್ತು ಹುಲ್ಲುಗಾವಲುಗಳ ಆಸರೆಯಿದೆ. ಆದರೆ ಅದೇ ಜಿಲ್ಲೆಯಲ್ಲಿ ಘಟ್ಟದ ಮುಖವನ್ನೇ ಕಾಣದ ಹೊಳೆಯೊಂದಿದೆ. ಅದರ ಹೆಸರು ನಂದಿನಿ. ಕೆಳಭಾಗದ ಊರುಗಳಲ್ಲಿ ಪಾವಂಜೆ ಹೊಳೆ. ಕನ್ನಡಿಗರಿಗೆ ಇಂದು ನಂದಿನಿ ಎಂದೊಡನೆ ಹಾಲಿನ ಪೊಟ್ಟಣ ನೆನಪಾಗುವುದು ಸಹಜವೇ. ಹಾಲಿಗೂ ಹೊಳೆಗೂ ಹೆಸರು ಬಂದದ್ದು ಪುರಾಣದ ಒಂದೇ ಹಸುವಿನಿಂದ.

ಈ ಹೊಳೆ ಹುಟ್ಟುವುದು ಮೂಡುಬಿದಿರೆಯ ಪರಿಸರದ ಗುಡ್ಡಗಳಲ್ಲಿ. 1430ರ ಸಾವಿರ ಕಂಬದ ಬಸದಿಯಿಂದ ಪ್ರಸಿದ್ಧವಾದ ಈ ಜೈನಪೇಟೆಯಿಂದ ಕಡಲಿಗೆ ನೇರವಾಗಿ ಅಳೆದರೆ 25 ಕಿಲೋಮೀಟರ್ ಕೂಡ ಆಗದು. ಎತ್ತರವೂ ಸಮುದ್ರಮಟ್ಟದಿಂದ 150 ಮೀಟರಿನ ಆಸುಪಾಸು. ಜಲಪಾತವಿಲ್ಲ, ಕಣಿವೆಯ ಆರ್ಭಟವಿಲ್ಲ. ಹತ್ತಾರು ತೋಡುಗಳು ಕೂಡಿಕೊಂಡು, ಗದ್ದೆ ತೋಟಗಳ ನಡುವೆ ಬಳಸುತ್ತಾ, ಕಟೀಲು, ಪಾವಂಜೆಗಳನ್ನು ದಾಟಿ ಸಸಿಹಿತ್ಲಿನ ಬಳಿ ಶಾಂಭವಿಯೊಡನೆ ಸೇರಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ.

ಹಾಗಾದರೆ ಮಳೆ ನಿಂತ ಮೇಲೆ ಈ ಹೊಳೆಗೆ ನೀರು ಎಲ್ಲಿಂದ? ಉತ್ತರ ಕಾಲಡಿಯ ಮುರಕಲ್ಲಿನಲ್ಲಿದೆ. ಕರಾವಳಿಯ ಮನೆಗಳ ಗೋಡೆಯಾಗಿರುವ ಈ ಕೆಂಪು ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರದಲ್ಲಿ ಕಂಡ ಕಲ್ಲನ್ನು ವರ್ಣಿಸುತ್ತಾ ಅವನು ಆ ಪದವನ್ನು ಬಳಸಿದ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ಮುರಕಲ್ಲಿನ ಮೈತುಂಬ ತೂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯಲ್ಲಿ ಒಂದು ಪಾಲನ್ನು ಗುಡ್ಡ ಹೀರಿಕೊಳ್ಳುತ್ತದೆ. ಕೆಳಗೆ ನುಣುಪಾದ ಶೇಡಿ ಮಣ್ಣಿನ ಪದರ ಅಡ್ಡ ಬಂದಾಗ ನೀರು ಪಕ್ಕಕ್ಕೆ ಜಾರಿ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಡುತ್ತದೆ. ಆದರೆ ಈ ಉಳಿತಾಯ ದೊಡ್ಡದಲ್ಲ. ಮಕರ ಸಂಕ್ರಾಂತಿ ಕಳೆದರೆ ಒರತೆಗಳು ಸೊರಗತೊಡಗುತ್ತವೆ. ಅಲ್ಲಿಂದ ಮುಂದೆ ಹೊಳೆಯಲ್ಲಿ ನೀರು ಇರಬೇಕೆಂದರೆ ಮನುಷ್ಯನ ಕೈ ತಾಗಲೇಬೇಕು.

ಕಟೀಲಿನ ಸ್ಥಳಪುರಾಣ ಆರಂಭವಾಗುವುದೂ ಬರಗಾಲದಿಂದಲೇ ಎಂಬುದು ಗಮನಾರ್ಹ. ಮಳೆಯಿಲ್ಲದೆ ಭೂಮಿ ಒಣಗಿದಾಗ ಜಾಬಾಲಿ ಮುನಿ ಯಜ್ಞಕ್ಕಾಗಿ ಕಾಮಧೇನುವಿನ ಮಗಳು ನಂದಿನಿಯನ್ನು ಕರೆಯುತ್ತಾನೆ. ಪಾಪಿಗಳ ಭೂಮಿಗೆ ಬರಲಾರೆ ಎಂದ ಅವಳಿಗೆ ನದಿಯಾಗಿ ಹರಿಯುವ ಶಾಪ ತಗಲುತ್ತದೆ. ಮುಂದೆ ದೇವಿ ದುಂಬಿಯ ರೂಪದಲ್ಲಿ ಅರುಣಾಸುರನನ್ನು ಕೊಂದು, ಹೊಳೆಯ ನಡುವೆಯೇ ನೆಲೆಸುತ್ತಾಳೆ. ‘ಕಟಿ’ ಎಂದರೆ ನಡು, ‘ಇಳಾ’ ಎಂದರೆ ಭೂಮಿ. ಎರಡೂ ಸೇರಿ ಕಟೀಲು ಎಂಬುದು ಊರಿನ ಹೆಸರಿಗೆ ಹೇಳುವ ವಿವರಣೆ. ವ್ಯುತ್ಪತ್ತಿ ಏನೇ ಇರಲಿ, ಮಳೆಗಾಲದಲ್ಲಿ ಕೆಂಪು ನೀರು ದೇವಾಲಯವನ್ನು ಸುತ್ತುವರಿದು ಹರಿಯುವುದನ್ನು ಕಂಡವರಿಗೆ ಕಥೆ ಅಲ್ಲೇ ಹುಟ್ಟಿರಬೇಕು ಎನ್ನಿಸದೆ ಇರದು.

ಆ ನೀರನ್ನು ಹಿಡಿದಿಟ್ಟ ಕೆಲಸ ಮಾತ್ರ ರೈತರದು. ಇಲ್ಲಿಯ ಗದ್ದೆಗಳಲ್ಲಿ ಮೂರು ತರ. ಗುಡ್ಡದ ಮಗ್ಗುಲಿನಲ್ಲಿ ಮಳೆಯನ್ನೇ ನಂಬಿದ ಬೆಟ್ಟು, ಅದರ ಕೆಳಗೆ ಮಜಲು, ತೋಡಿನ ದಡದಲ್ಲಿ ಬೈಲು. ಬೆಟ್ಟು ಗದ್ದೆಗೆ ಏಣೆಲು ಒಂದೇ ಬೆಳೆ; ಮಜಲಿಗೆ ಸುಗ್ಗಿಯೂ ಉಂಟು; ಬೈಲಿನಲ್ಲಿ ಬೇಸಿಗೆಯ ಕೊಳಕೆಯೂ ಸೇರಿ ಮೂರು. ಸುಗ್ಗಿ ಕೊಳಕೆಗಳಿಗೆ ನೀರು ಬೇಕಾದ್ದರಿಂದ ಕಾರ್ತಿಕ ಕಳೆದು ಹರಿವು ತಗ್ಗುತ್ತಲೇ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಕಲ್ಲು, ಮಣ್ಣು, ಸೊಪ್ಪು, ಅಡಕೆ ಮರದ ಸಲಿಕೆ ಇವಿಷ್ಟೇ ಸಾಮಗ್ರಿ. ಒಂದು ಕಟ್ಟದ ನೀರು ಹಿಂದೆ ಸರಿದು ನಿಂತಲ್ಲಿಗೆ ಮೇಲಿನವರ ಕಟ್ಟ. ಹೀಗೆ ಇಡೀ ತೋಡು ಮೆಟ್ಟಿಲು ಮೆಟ್ಟಿಲಾದ ಕೆರೆಯಾಗುತ್ತಿತ್ತು. ದಡದ ಬಾವಿಗಳ ನೀರೂ ಮೇಲೇರುತ್ತಿತ್ತು. ಜೂನ್ ಮಳೆಗೆ ಕಟ್ಟ ಕೊಚ್ಚಿಹೋಗುವುದು ದೋಷವಲ್ಲ, ಅದರ ಗುಣ. ಕೊಚ್ಚಿಹೋಗದಿದ್ದರೆ ಹೂಳು ತುಂಬುತ್ತದೆ, ಮೊಟ್ಟೆಯಿಡಲು ಮೇಲೇರುವ ಮೀನಿಗೆ ದಾರಿ ತಪ್ಪುತ್ತದೆ.

ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ ಇದು. ಬೈಲಿನ ಎಲ್ಲ ಮನೆಗಳಿಂದ ಆಳು ಬರಬೇಕು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದು ನ್ಯಾಯವಾದುದೇ. ಆದರೆ ಧಣಿಯ ಅಪ್ಪಣೆಯಿಂದ ನಡೆಯುತ್ತಿದ್ದ ಊರೊಟ್ಟಿನ ಕೆಲಸಕ್ಕೆ ಬದಲಿ ಏರ್ಪಾಡು ಎಲ್ಲ ಕಡೆ ಹುಟ್ಟಲಿಲ್ಲ. ಮಕ್ಕಳು ಮುಂಬಯಿಗೆ, ಗಲ್ಫಿಗೆ ಹೋದರು. ಗದ್ದೆ ಅಡಕೆ ತೋಟವಾಯಿತು. ಪಂಪುಸೆಟ್ಟು, ಕೊಳವೆಬಾವಿ ಬಂದವು. ಕೊಳಕೆ ಬೆಳೆ ಈಗ ಅಪರೂಪ. ಸರ್ಕಾರ ಕಟ್ಟಿಸುವ ಕಿಂಡಿ ಅಣೆಕಟ್ಟುಗಳಿಗೂ ಹಲಗೆ ಇಳಿಸುವ, ಮಳೆಗೆ ಮುಂಚೆ ಎತ್ತುವ ಜನ ಬೇಕೇ ಬೇಕು. ಸಿಮೆಂಟು ಆ ಜಾಗವನ್ನು ತುಂಬಲಾರದು.

ಸಿಹಿನೀರಿನ ಒತ್ತಡ ಕುಗ್ಗಿದಾಗ ಅದರ ಲೆಕ್ಕ ಕೆಳಗೆ ಪಾವಂಜೆಯ ಆಚೀಚೆ ಕಾಣಿಸುತ್ತದೆ. ಇಲ್ಲಿ ಹೊಳೆಯ ತಳ ಕಡಲಿಗಿಂತ ಎತ್ತರವಿಲ್ಲ. ದಿನಕ್ಕೆ ಎರಡು ಬಾರಿ ಭರತದ ನೀರು ಹಿಮ್ಮುಖವಾಗಿ ಏರುತ್ತದೆ; ಬೇಸಿಗೆ ಬಲಿತಂತೆ ಉಪ್ಪು ಒಳಗೊಳಗೆ ಬಂದು ದಡದ ಬಾವಿಗಳನ್ನು ಮುಟ್ಟುತ್ತದೆ. ಉಪ್ಪೆಂದರೆ ಕೇಡು ಎಂದಷ್ಟೇ ತಿಳಿಯಬೇಕಾಗಿಲ್ಲ. ಕಾಂಡ್ಲಾ ಗಿಡಗಳು, ಮರುವಾಯಿ, ಸಿಗಡಿ, ಏಡಿ, ಕಾಣೆ ಮೀನು ಎಲ್ಲವೂ ಈ ಬೆರಕೆ ನೀರಿನ ಸಂಸಾರ. ಅಳಿವೆಯಲ್ಲಿ ಹೊಳೆಗೂ ಕಡಲಿಗೂ ನಡುವೆ ಇರುವುದು ಕಿರಿದಾದ ಮರಳು ದಿಣ್ಣೆ. ಮಳೆಗಾಲದ ತೆರೆಗಳು ಅದನ್ನು ಕೊರೆಯುತ್ತವೆ, ಬೇಸಿಗೆ ಮತ್ತೆ ಕಟ್ಟುತ್ತದೆ. 2016ರಲ್ಲಿ ಸಸಿಹಿತ್ಲಿನ ತೆರೆಗಳ ಮೇಲೆ ಸರ್ಫಿಂಗ್ ಸ್ಪರ್ಧೆ ನಡೆದಾಗ ಊರಿನ ಹೆಸರು ದೂರದ ಪತ್ರಿಕೆಗಳಲ್ಲೂ ಬಂತು. ಕಡಲ್ಕೊರೆತದ ಸುದ್ದಿ ಅಷ್ಟು ದೂರ ಹೋಗುವುದಿಲ್ಲ.

‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂಬುದು ತುಳುನಾಡಿನ ಮಾತು. ಜಾತ್ರೆಗಳು ಎರ್ಮಾಳಿನಲ್ಲಿ ಶುರುವಾಗಿ ಖಂಡೇವಿನಲ್ಲಿ ಮುಗಿಯುತ್ತವೆ ಎಂದರ್ಥ. ಖಂಡೇವು ಎಂದರೆ ಚೇಳಾಯರು ಗ್ರಾಮದ ಖಂಡಿಗೆ, ನಂದಿನಿಯ ದಡದಲ್ಲಿರುವ ಧರ್ಮರಸು ಉಳ್ಳಾಯನ ಸ್ಥಾನ. ಮೇ ನಡುವಿನ ಸಂಕ್ರಮಣದಂದು, ತುಳುವರ ಪಗ್ಗು ತಿಂಗಳು ಮುಗಿಯುವಾಗ, ಇಲ್ಲಿ ಮೀನು ಹಿಡಿಯುವುದೇ ಜಾತ್ರೆ. ಅಲ್ಲಿಯವರೆಗೆ ಆ ಭಾಗದಲ್ಲಿ ಬಲೆ ಬೀಸಬಾರದೆಂಬುದು ಸಂಪ್ರದಾಯ. ದೈವದ ಪ್ರಸಾದ ಹೊಳೆಗೆ ಬಿದ್ದ ಮೇಲೆ ಜಾತಿ ಮತ ನೋಡದೆ ಊರೂರ ಜನ ಬಲೆ, ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಮಳೆಗೆ ಮುಂಚೆ, ಮೀನು ಮೊಟ್ಟೆಯಿಡುವ ಹೊತ್ತಿಗೆ ಹಿಡಿಯುವುದು ಸರಿಯೇ ಎಂದು ಕೇಳಬಹುದು. ಒಂದು ದಿನದ ಲೂಟಿ, ಉಳಿದ ದಿನಗಳ ಕಾವಲು ಎಂಬ ಲೆಕ್ಕ ಇಟ್ಟರೆ ಇದು ಅಷ್ಟು ಕೆಟ್ಟ ವ್ಯವಹಾರವೇನಲ್ಲ. ಸಮುದ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ 61 ದಿನ ಇರುವ ನಿಷೇಧವನ್ನು ಕಾಯಲು ಸರ್ಕಾರದ ಆಜ್ಞೆ ಬೇಕು. ಇಲ್ಲಿ ಉಳ್ಳಾಯನ ಭಯ ಸಾಕಾಗಿತ್ತು.

ಆದರೆ ದೈವದ ಕಟ್ಟಳೆ ಬಲೆಯನ್ನು ತಡೆದೀತು, ಕೊಳಚೆಯನ್ನಲ್ಲ. 1970ರ ದಶಕದಲ್ಲಿ ಪಣಂಬೂರಿನ ಬಂದರು ತೆರೆದ ಬಳಿಕ ಸುರತ್ಕಲ್ ಸುತ್ತ ಬೆಳೆದ ನಗರದ ಮಲಿನ ನೀರು ಹೊಳೆ ಸೇರುತ್ತಿದೆ ಎಂದು ದಡದ ಊರವರು ಮತ್ತೆ ಮತ್ತೆ ದೂರಿದ್ದಾರೆ. ಹರಿವಿಲ್ಲದ ಬೇಸಿಗೆಯಲ್ಲಿ ಕೊಳಚೆ ತೊಳೆದುಹೋಗದೆ ಭರತ ಇಳಿತಗಳ ನಡುವೆ ಅಲ್ಲಲ್ಲೇ ಹೊಯ್ದಾಡುತ್ತದೆ. ಮೀನಿನ ಜಾತ್ರೆ ಬೀಳುವುದೂ ಅದೇ ಬೇಸಿಗೆಯಲ್ಲಿ.

ಖಂಡಿಗೆಯ ಜಾತ್ರೆ ಕಳೆದು ಹತ್ತು ದಿನಕ್ಕೆ ಪತ್ತನಾಜೆ. ಕಟೀಲು ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮುಂದೆ ಮೊದಲ ದೊಡ್ಡ ಮಳೆಗೆ ಅಳಿವೆ ತೆರೆದು, ತೋಡುಗಳು ಉಕ್ಕಿ, ಮೀನುಗಳು ಹೊಸನೀರನ್ನು ಎದುರಿಸುತ್ತಾ ಗದ್ದೆಗಳಿಗೆ ಹತ್ತುತ್ತವೆ. ಇದಕ್ಕೆ ಉಬರ್ ಎನ್ನುತ್ತಾರೆ. ಆ ರಾತ್ರಿ ದೀಪ ಹಿಡಿದು ಬೈಲಿಗಿಳಿಯುವವರು ಈಗಲೂ ಇದ್ದಾರೆ. ಗದ್ದೆಯಿದ್ದಲ್ಲಿ ಸೈಟು, ಕಾಂಪೌಂಡು ಬಂದ ಕಡೆ ಮೀನು ರಸ್ತೆ ಬದಿಯ ಚರಂಡಿಗೆ ಹತ್ತುತ್ತದೆ.