ಉಂಡು ಮಲಗಿದ ಮೇಲೂ ಮುಗಿಯದ ಜಗಳ

(ಲಾಸ್ ಏಂಜಲಿಸ್ ಮತ್ತು ಸ್ಯಾನ್ ಡಿಯಾಗೊ ಪ್ರದೇಶದ ಕನ್ನಡಿಗರ ಸಭೆಯಲ್ಲಿ ಮಾಡಿದ ಅತಿಥಿ ಉಪನ್ಯಾಸದ ಬರಹ ರೂಪ)



ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡ ಕನ್ನಡಿಗರಾದ ನಮಗೆ ರಾಜ್ಯೋತ್ಸವದ ಸಡಗರ. ಅದೇ ತಿಂಗಳ 25ನೆಯ ದಿನಕ್ಕೆ ಇನ್ನೊಂದು ಮಹತ್ವವಿರುವುದು ನಮ್ಮಲ್ಲಿ ಬಹುಮಂದಿಯ ಗಮನಕ್ಕೆ ಬಂದಂತಿಲ್ಲ. 1960ರ ಆ ದಿನ ಡೊಮಿನಿಕನ್ ಗಣರಾಜ್ಯದಲ್ಲಿ ಸರ್ವಾಧಿಕಾರಿಯನ್ನು ಎದುರಿಸಿ ನಿಂತಿದ್ದ ಮಿರಾಬಾಲ್ ಮನೆತನದ ಮೂವರು ಸೋದರಿಯರು ಹತರಾದರು. 1981ರಲ್ಲಿ ಲ್ಯಾಟಿನ್ ಅಮೆರಿಕದ ಮಹಿಳಾ ಕಾರ್ಯಕರ್ತೆಯರು ಬೊಗೋಟಾದಲ್ಲಿ ಸೇರಿ ಆ ದಿನವನ್ನು ಸ್ತ್ರೀಯರ ಮೇಲಿನ ಹಿಂಸೆಯ ವಿರುದ್ಧ ಆಚರಿಸಲು ನಿಶ್ಚಯಿಸಿದರು. 1999ರಲ್ಲಿ ವಿಶ್ವಸಂಸ್ಥೆ ಅದಕ್ಕೆ ಮನ್ನಣೆಯಿತ್ತಿತು. ಈ ದೇಶದಲ್ಲಿಯಾದರೋ ಅಕ್ಟೋಬರ್ ತಿಂಗಳನ್ನೇ 1987ರಿಂದ ಗೃಹಹಿಂಸೆಯ ಅರಿವಿನ ತಿಂಗಳೆಂದು ಕರೆಯುತ್ತ ಬಂದಿದ್ದಾರೆ. ಊರಿನವರು ಊದಾ ಬಣ್ಣದ ರಿಬ್ಬನ್ನುಗಳನ್ನು ಬಿಚ್ಚಿಡುವ ಹೊತ್ತಿಗೆ ನಾವು ಹಳದಿ ಕೆಂಪು ಬಾವುಟವನ್ನು ಏರಿಸುತ್ತೇವೆ. ಎರಡಕ್ಕೂ ಏನಾದರೂ ಸಂಬಂಧವುಂಟೆಂದು ನಮಗೆ ತೋಚಿದ್ದು ಬಹಳ ತಡವಾಗಿ.

ನಮ್ಮ ವೇದಿಕೆಗಳ ಮೇಲೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವಿತ್ತು ನಾವು ಸನ್ಮಾನಿಸುವವರು ಗಾಯಕರು, ಸಾಹಿತಿಗಳು, ವೈದ್ಯರು, ಉದ್ಯಮಿಗಳು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಡುರಾತ್ರಿ ಫೋನೆತ್ತಿ, ಅತ್ತ ಕಡೆಯ ಹೆಂಗಸು ಮಾತಾಡಲಾರದೆ ಅಳುತ್ತಿದ್ದರೂ ಸಾಲನ್ನು ಕಡಿಯದೆ ಕಾದು ಕುಳಿತವರನ್ನು ನಾವು ಒಮ್ಮೆಯಾದರೂ ಕರೆದಿದ್ದೇವೆಯೆ? ಅಂಥವರ ಚರಿತ್ರೆಯನ್ನು ಕಿಂಚಿತ್ತಾದರೂ ನೆನೆಯುವುದು ಈ ಉಪನ್ಯಾಸದ ಉದ್ದೇಶ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ಒಳ್ಳೆಯ ಸಂಸಾರಗಳ ಮಟ್ಟಿಗೆ ಅದು ನಿಜವಾದ ಮಾತೇ. ಆದರೆ ಹೊಡೆತವನ್ನೂ ಜಗಳವೆಂದೇ ಕರೆದು, ಆ ಗಾದೆಯನ್ನೇ ಬಾಗಿಲಿಗೆ ಬೀಗವಾಗಿ ಹಾಕಿದ ಮನೆಗಳೆಷ್ಟೋ. ಕನ್ನಡದ ಹೆಣ್ಣು ಮಾತಾಡಲೇ ಇಲ್ಲವೆಂದಲ್ಲ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ, ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ‘ಹದಿಬದೆಯ ಧರ್ಮ’ದಲ್ಲಿಯೇ, ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ. ಆ ಕಾವ್ಯವನ್ನು ನಮ್ಮ ಹಿರಿಯರು ಕರ್ತವ್ಯದ ಭಾಗಕ್ಕಾಗಿ ಓದಿಸಿದರು. ತರಾಟೆಯ ಭಾಗವನ್ನು ಅಷ್ಟಾಗಿ ಓದಿಸಿದಂತೆ ಕಾಣದು.

ಬೀಗವನ್ನು ಒಡೆಯುವ ಕೆಲಸ ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆಯಿತು. 1979ರಲ್ಲಿ ಅಲ್ಲಿ ‘ವಿಮೋಚನಾ’ ಎಂಬ ಮಹಿಳಾ ಹಕ್ಕುಗಳ ವೇದಿಕೆ ಹುಟ್ಟಿತು. ಕೊರಿನ್ ಕುಮಾರ್, ಡೋನಾ ಫರ್ನಾಂಡಿಸ್, ಮಧು ಭೂಷಣ್ ಮುಂತಾದವರು ಅದರ ಬೆನ್ನೆಲುಬು. ಆ ದಿನಗಳ ಪತ್ರಿಕೆಗಳಲ್ಲಿ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಎರಡು ಸಾಲಿನ ಸುದ್ದಿಯನ್ನು ನಾವೆಲ್ಲರೂ ಓದಿ ಪುಟ ಮಗುಚಿದವರೇ. ಸೀಮೆಎಣ್ಣೆಯ ಸ್ಟೌಗಳು ಮನೆಯ ಸೊಸೆಯನ್ನೇ ಹುಡುಕಿಕೊಂಡು ಏಕೆ ಸಿಡಿಯುತ್ತವೆ, ಅತ್ತೆಯೋ ಮಗಳೋ ಅಡುಗೆ ಮಾಡುವಾಗ ಏಕೆ ಸಿಡಿಯುವುದಿಲ್ಲ ಎಂಬ ಪ್ರಶ್ನೆಯನ್ನು ಆ ಮಹಿಳೆಯರು ಬಹಿರಂಗವಾಗಿ ಕೇಳಿದರು. ಕೇಳಿದ್ದಷ್ಟೇ ಅಲ್ಲ, ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಸಾಯುತ್ತಿದ್ದವರ ಪಕ್ಕದಲ್ಲಿ ಕುಳಿತರು. ಗಂಡನ ಮನೆಯವರು ಮಂಚದ ಬಳಿಯೇ ನಿಂತಿರುವಾಗ ಮರಣಕಾಲದ ಹೇಳಿಕೆ ಹೇಗಿದ್ದೀತೆಂಬುದನ್ನು ಕಣ್ಣಾರೆ ಕಂಡರು. 1990ರ ದಶಕದಲ್ಲಿ ಪೋಲೀಸ್ ದಾಖಲೆಗಳಲ್ಲಿ ‘ಅಸಹಜ ಸಾವು’ ಎಂದು ಬರೆದು ಮುಚ್ಚಿದ ಕಡತಗಳನ್ನು ಒಂದೊಂದಾಗಿ ತೆರೆಸಿ, ಪಟ್ಟಿ ಮಾಡಿ, ಊರಿನ ಮುಂದಿಟ್ಟರು. 2009ರಲ್ಲಿ ಬೆಂಗಳೂರಿನಲ್ಲಿಯೇ ವರದಕ್ಷಿಣೆಯ ಹಿಂಸೆಯನ್ನು ಕುರಿತ ‘ಮಹಿಳೆಯರ ನ್ಯಾಯಾಲಯ’ ಸೇರಿದಾಗ, ಮಗಳನ್ನು ಕಳೆದುಕೊಂಡ ತಾಯಂದಿರು ಸಾಕ್ಷಿ ನುಡಿದರು. ಅದು ಯಾರಿಗೂ ಶಿಕ್ಷೆ ವಿಧಿಸಬಲ್ಲ ನ್ಯಾಯಾಲಯವಲ್ಲ. ಕೇಳಿಸಿಕೊಳ್ಳುವ ನ್ಯಾಯಾಲಯ ಮಾತ್ರ.

ಕಾನೂನುಗಳು ಬಂದವು, ನಿಜ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಇಪ್ಪತ್ತು ವರ್ಷ ಹೆಚ್ಚುಕಡಿಮೆ ಮಲಗಿಯೇ ಇತ್ತು. ಬೀದಿಗಿಳಿದ ಮಹಿಳೆಯರ ಒತ್ತಡದಿಂದ 1983ರಲ್ಲಿ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವನ್ನು ಅಪರಾಧವೆನ್ನುವ 498ಎ ಕಲಮು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮು ಸೇರಿದವು. 2005ರ ಗೃಹಹಿಂಸೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದು, ಹೆಂಡತಿಗೆ ಆ ಮನೆಯಲ್ಲಿಯೇ ಇರುವ ಹಕ್ಕನ್ನು ಕೊಟ್ಟಿತು. ಎಲ್ಲ ಕಡೆಯೂ ಅನುಕ್ರಮ ಒಂದೇ: ಮೊದಲು ಕೆಲವು ಹೆಂಗಸರು, ಆಮೇಲೆ ಕಾನೂನು.

ಸೀಮೆಎಣ್ಣೆಯ ಸ್ಟೌವನ್ನು ಬಿಟ್ಟು ಬಂದಂತೆ ಈ ಸಂಕಟವನ್ನೂ ಆಚೆ ದಡದಲ್ಲಿ ಬಿಟ್ಟು ಬಂದೆವೆಂದು ನಾವು ಎಣಿಸಿದ್ದುಂಟು. ಬಂದಿಳಿದ ಈ ನಾಡಿಗೂ ತನ್ನದೇ ಆದ ಗಾದೆಯಿತ್ತು. ಮನೆಯೊಳಗಿನ ಬಡಿದಾಟಕ್ಕೆ ಕರೆಬಂದರೆ ಪೋಲೀಸರು ಗಂಡನನ್ನು ಹೊರಗೆ ಕರೆದು, ಬೀದಿಯಲ್ಲಿ ಒಂದು ಸುತ್ತು ಹಾಕಿ ತಣ್ಣಗಾಗಿ ಬಾ ಎಂದು ಹೇಳಿ ಹೋಗುತ್ತಿದ್ದ ಕಾಲವೊಂದಿತ್ತು. ಅಂಥ ಕಾಲದಲ್ಲಿ, 1964ರಷ್ಟು ಹಿಂದೆ, ನಮ್ಮ ನೆರೆಯ ಪಾಸಡೀನಾದಲ್ಲಿ ‘ಹೇವನ್ ಹೌಸ್’ ತೆರೆಯಿತು. ಕುಡುಕ ಗಂಡಂದಿರ ಹೊಡೆತಕ್ಕೆ ಮನೆಬಿಟ್ಟ ತಾಯಿಮಕ್ಕಳಿಗಾಗಿ ತೆರೆದ ಈ ಮನೆ, ಇಡೀ ಅಮೆರಿಕದ ಮೊದಮೊದಲ ಆಶ್ರಯಗೃಹಗಳಲ್ಲೊಂದು. ಗುಲಾಬಿ ಹೂಗಳ ಮೆರವಣಿಗೆಯನ್ನು ನೋಡಲು ವರ್ಷವರ್ಷ ಪಾಸಡೀನಾಕ್ಕೆ ಹೋಗುವ ನಮಗೆ ಈ ಸಂಗತಿ ಗೊತ್ತಿರಲಿಲ್ಲ.

1971ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸ್ತ್ರೀಯರ ಮೇಲಿನ ಆಕ್ರಮಣಗಳ ವಿರುದ್ಧ ಒಂದು ಆಯೋಗ ಹುಟ್ಟಿತು. ಹೆಸರಿಗೆ ಆಯೋಗ, ವಾಸ್ತವದಲ್ಲಿ ಫೋನಿನ ಬಳಿ ಸರದಿಯಂತೆ ಕೂರುವ ಸ್ವಯಂಸೇವಕಿಯರ ಗುಂಪು. ‘ಪೀಸ್ ಓವರ್ ವಯಲೆನ್ಸ್’ ಎಂಬ ಇಂದಿನ ಹೆಸರು ಅದಕ್ಕೆ ಆಮೇಲೆ ಬಂದದ್ದು. ಪ್ಯಾಟಿ ಗಿಗನ್ಸ್ ಎಂಬಾಕೆ ಅದರ ನೇತೃತ್ವ ವಹಿಸಿದ್ದಾಗ ಇಟಲಿಯಿಂದ ಒಂದು ಸುದ್ದಿ ಬಂದಿತು. ಅತ್ಯಾಚಾರಕ್ಕೊಳಗಾದ ಹುಡುಗಿ ಬಿಗಿಯಾದ ಜೀನ್ಸ್ ತೊಟ್ಟಿದ್ದಳಾದುದರಿಂದ ಅವಳ ಸಹಾಯವಿಲ್ಲದೆ ಅದನ್ನು ಕಳಚುವುದು ಅಸಾಧ್ಯ, ಆದುದರಿಂದ ಅವಳ ಒಪ್ಪಿಗೆಯಿತ್ತು ಎಂಬ ತರ್ಕದ ಮೇಲೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತ್ತು. ಇಟಲಿಯ ಸಂಸದೆಯರು ಜೀನ್ಸ್ ತೊಟ್ಟು ಪ್ರತಿಭಟಿಸಿದರು. 1999ರ ಏಪ್ರಿಲ್‌ನಲ್ಲಿ ಗಿಗನ್ಸ್ ಲಾಸ್ ಏಂಜಲಿಸ್‌ನಲ್ಲಿ ‘ಡೆನಿಮ್ ದಿನ’ವನ್ನು ಆರಂಭಿಸಿದರು, ಇಂದು ಅದು ದೇಶವಿದೇಶಗಳಲ್ಲಿ ನಡೆಯುತ್ತದೆ. ನಮ್ಮ ಮಕ್ಕಳು ಏಪ್ರಿಲ್‌ನ ಒಂದು ಬುಧವಾರ ಶಾಲೆಗೆ ಜೀನ್ಸ್ ತೊಟ್ಟು ಹೋದರೆ, ಕಾರಣ ಇದಾಗಿರಬಹುದು. ಕೇಳಿ ನೋಡಿ.

ಇಂಗ್ಲಿಷಿನಲ್ಲಿ ಅಳಲಾರದವರ ಗತಿಯೇನು? ಈ ಪ್ರಶ್ನೆಯಿಂದಲೇ 1978ರಲ್ಲಿ ನಿಲ್ಡಾ ರಿಮಾಂಟೆ ಲಾಸ್ ಏಂಜಲಿಸ್‌ನಲ್ಲಿ ಏಷ್ಯಾ ಮತ್ತು ಪೆಸಿಫಿಕ್ ಮೂಲದ ಸ್ತ್ರೀಯರಿಗಾಗಿ ಕೇಂದ್ರವೊಂದನ್ನು ಕಟ್ಟಿದರು. ಭಾರತೀಯರ ಪಾಲಿಗೆ ದಾರಿ ತೋರಿದ್ದು 1985ರಲ್ಲಿ ನ್ಯೂ ಜೆರ್ಸಿಯಲ್ಲಿ ಹುಟ್ಟಿದ ‘ಮಾನವಿ’. 1991ರಲ್ಲಿ ನಮ್ಮ ಆರ್ಟೀಸಿಯಾದಲ್ಲಿ ದಕ್ಷಿಣ ಏಷ್ಯಾದ ಕುಟುಂಬಗಳಿಗೆ ‘ಸಹಾರಾ’ ಸಂಸ್ಥೆ ಆರಂಭವಾಯಿತು. ಪಯೋನಿಯರ್ ಬೀದಿಯಲ್ಲಿ ಸೀರೆ, ಬೇಳೆ, ಕರಿಬೇವುಗಳನ್ನು ಕೊಂಡು ಹಿಂತಿರುಗುವ ನಾವು ಆ ಊರಿನಲ್ಲಿ ಹೀಗೊಂದು ಬಾಗಿಲು ಇರುವುದನ್ನು ಎಷ್ಟು ಮಂದಿ ಬಲ್ಲೆವು?

1994ರ ಜೂನ್ 12ರ ರಾತ್ರಿ ಬ್ರೆಂಟ್‌ವುಡ್‌ನಲ್ಲಿ ನಿಕೋಲ್ ಬ್ರೌನ್ ಸಿಂಪ್ಸನ್ ಮತ್ತು ರಾನ್ ಗೋಲ್ಡ್‌ಮನ್ ಕೊಲೆಯಾದರು. ಆ ಬಳಿಕದ ವಿಚಾರಣೆ ನಮ್ಮ ಮನೆಗಳಲ್ಲಿಯೂ ಕಾಫಿಯ ಜೊತೆ ನಡೆಯಿತು. ಸಿಂಪ್ಸನ್ 1995ರಲ್ಲಿ ಖುಲಾಸೆಯಾದ. 1997ರ ಸಿವಿಲ್ ತೀರ್ಪು ಅವನನ್ನೇ ಹೊಣೆಯಾಗಿಸಿತು. ನಾವು ಚರ್ಚಿಸಿದ್ದು ಕೈಗವುಸು ಹೊಂದಿತೋ ಇಲ್ಲವೋ ಎಂಬುದನ್ನು. ಅವಳು ವರ್ಷಗಟ್ಟಲೆ ಪೋಲೀಸರಿಗೆ ಕರೆಮಾಡಿದ್ದಳು, 1989ರಲ್ಲಿಯೇ ಪತ್ನಿಯ ಮೇಲಿನ ಹಲ್ಲೆಗಾಗಿ ಅವನಿಗೆ ಶಿಕ್ಷೆಯಾಗಿತ್ತು ಎಂಬುದು ನಮ್ಮ ಚರ್ಚೆಯಲ್ಲಿ ಬದಿಗೆ ಸರಿಯಿತು. ಕೊಲೆಯಾದ ಮೂರು ತಿಂಗಳಿಗೆ, ಸೆಪ್ಟೆಂಬರ್ 13ರಂದು, ಹಲವು ವರ್ಷಗಳಿಂದ ಕಾದಿದ್ದ ಸ್ತ್ರೀಹಿಂಸೆ ವಿರೋಧಿ ಕಾಯಿದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು.

ಆ ಕಾಯಿದೆಯಲ್ಲಿ ವಲಸಿಗರ ಪಾಲೂ ಇದೆ. 1986ರ ಕಾನೂನಿನಂತೆ, ಹೊಸದಾಗಿ ಮದುವೆಯಾಗಿ ಬಂದ ಹೆಂಡತಿಯ ಹಸಿರು ಕಾರ್ಡು ಎರಡು ವರ್ಷ ಷರತ್ತಿಗೆ ಒಳಪಟ್ಟಿರುತ್ತಿತ್ತು. ಷರತ್ತು ಕಳಚಲು ಗಂಡನೂ ಜೊತೆಗೆ ಸಹಿ ಹಾಕಬೇಕು. ಆ ಒಂದು ಸಹಿ ಎಷ್ಟು ಮನೆಗಳಲ್ಲಿ ಬೆತ್ತವಾಯಿತೆಂಬುದನ್ನು ಊಹಿಸಿರಿ. 1990ರಲ್ಲಿ ಹೊಡೆತ ತಿಂದವರಿಗೆ ವಿನಾಯಿತಿ ದೊರೆಯಿತು. 1994ರಲ್ಲಿ ಅಮೆರಿಕದ ಪ್ರಜೆಯ ಅಥವಾ ಹಸಿರು ಕಾರ್ಡುದಾರನ ಹೆಂಡತಿ ತನ್ನ ಅರ್ಜಿಯನ್ನು ತಾನೇ, ಗಂಡನಿಗೆ ತಿಳಿಯದಂತೆ, ಸಲ್ಲಿಸುವ ಹಕ್ಕು ಪಡೆದಳು. ಆದರೆ ಗಂಡ ಎಚ್-1 ವೀಸಾದ ಇಂಜಿನಿಯರನಾದರೆ? ಅವನ ಎಚ್-4 ಹೆಂಡತಿಗೆ ಈ ಬಾಗಿಲು ತೆರೆಯಲಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಂದದ್ದು ಈ ದಾರಿಯಲ್ಲಿ. ಅಪರಾಧಕ್ಕೆ ಬಲಿಯಾದವರಿಗೆ 2000ದಲ್ಲಿ ‘ಯು’ ವೀಸಾ ಹುಟ್ಟಿತು. ಅದಕ್ಕೆ ಪೋಲೀಸರ ದೃಢೀಕರಣ ಬೇಕು, ವರ್ಷಗಳ ಸರದಿ ಬೇರೆ. ಪೀಡಿತ ಎಚ್-4 ಪತ್ನಿಯರಿಗೆ ದುಡಿಯುವ ಅನುಮತಿ ಕೊಡಬೇಕೆಂಬ ಕಾನೂನಿಗೆ 2006ರ ಜನವರಿಯಲ್ಲಿ ಸಹಿಯಾಯಿತು. ಅದಕ್ಕೆ ಬೇಕಾದ ಅರ್ಜಿ ನಮೂನೆ ಹೊರಬಂದದ್ದು 2017ರಲ್ಲಿ! ಹನ್ನೊಂದು ವರ್ಷ ಕಾನೂನು ಇತ್ತು, ಕಾಗದ ಇರಲಿಲ್ಲ. ಎಂ.ಟೆಕ್. ಮುಗಿಸಿ ಬಂದ ಹುಡುಗಿ ಬಸ್ಸಿನ ಚೀಟಿಗೂ ಗಂಡನ ಮುಂದೆ ಕೈಯೊಡ್ಡಬೇಕಾದ ಸ್ಥಿತಿಯಲ್ಲಿ ‘ಮನೆ ಬಿಟ್ಟು ಬಾ’ ಎನ್ನುವ ಸಲಹೆಗೆ ಏನು ಅರ್ಥ?

ಸ್ಯಾನ್ ಡಿಯಾಗೊದವರು ಬೇರೊಂದು ಪಾಠ ಕಲಿಸಿದರು. 1995ರಲ್ಲಿ ಅಲ್ಲಿ ಇಬ್ಬರು ಹದಿಹರೆಯದ ಹುಡುಗಿಯರು ಸಂಗಾತಿಗಳ ಕೈಯಲ್ಲಿ ಸತ್ತ ಬಳಿಕ, ನಗರ ಅಟಾರ್ನಿ ಕಚೇರಿಯ ಕೇಸೀ ಗ್ವಿನ್ ಮತ್ತು ಗೇಲ್ ಸ್ಟ್ರ್ಯಾಕ್ ಕತ್ತು ಹಿಸುಕಿದ 300 ಪ್ರಕರಣಗಳ ಕಡತಗಳನ್ನು ತಿರುವಿಹಾಕಿಸಿದರು. ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗುರುತೇ ಇರಲಿಲ್ಲ. ಗುರುತಿಲ್ಲದ್ದರಿಂದ ಅಪರಾಧ ಹಗುರವೆಂದು ಭಾವಿಸಿದ್ದ ವಕೀಲರು ತಮ್ಮ ತಪ್ಪನ್ನು ತಾವೇ ಬರೆದು ಪ್ರಕಟಿಸಿದರು. ಇಂಥ ಪ್ರಾಮಾಣಿಕತೆ ಸರ್ಕಾರಿ ಕಚೇರಿಗಳಲ್ಲಿ ಅಪರೂಪ. ಮುಂದೆ 2012ರಿಂದ ಕ್ಯಾಲಿಫೋರ್ನಿಯಾದ ಕಾನೂನು ಕತ್ತು ಹಿಸುಕುವುದನ್ನು ಹೆಸರಿಸಿಯೇ ಹೇಳುತ್ತದೆ. ಇದೇ ಇಬ್ಬರ ಮುಂದಾಳತ್ವದಲ್ಲಿ 2002ರಲ್ಲಿ ಪೋಲೀಸು, ವಕೀಲ, ವೈದ್ಯ, ಆಪ್ತಸಲಹೆಗಾರ ಎಲ್ಲರೂ ಒಂದೇ ಸೂರಿನಡಿ ಸಿಗುವ ಕುಟುಂಬ ನ್ಯಾಯ ಕೇಂದ್ರ ತೆರೆಯಿತು. ಮರುವರ್ಷ ಕೇಂದ್ರ ಸರ್ಕಾರ ಅದನ್ನು ದೇಶಕ್ಕೆ ಮಾದರಿಯಾಗಿ ಎತ್ತಿಕೊಂಡಿತು. 2022ರಲ್ಲಿ ಉತ್ತರ ಕೌಂಟಿಯ ಸ್ಯಾನ್ ಮಾರ್ಕಸ್‌ನಲ್ಲಿ ‘ಒನ್ ಸೇಫ್ ಪ್ಲೇಸ್’ ಎಂಬ ಇನ್ನೊಂದು ಕೇಂದ್ರ ಆರಂಭವಾಯಿತು. ಪೋವೇ ಕಡೆಯ ಕನ್ನಡ ಮನೆಗಳಿಂದ ಅದು ದೂರವೇನಲ್ಲ.

ಇನ್ನು ನಮ್ಮ ಮಾತು. ಬಹಳ ವರ್ಷಗಳ ಹಿಂದೆ ನಮ್ಮ ಬಳಗದಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಅವಳ ಮನೆಗೆ ಫೋನ್ ಮಾಡಿದರೆ ಗಂಡನೇ ಎತ್ತುತ್ತಿದ್ದ. ಸಮೂಹಗಾನದ ಅಭ್ಯಾಸಕ್ಕೆ ಬರುವುದು ನಿಂತಿತು. ಯುಗಾದಿಯ ಊಟಕ್ಕೆ ಎಲೆ ಎಣಿಸುವಾಗ ನಾವು ಅವಳ ಹೆಸರನ್ನು ಹೊಡೆದುಹಾಕಿದೆವು. ಒಮ್ಮೆ ದೇವಾಲಯದ ಅಂಗಳದಲ್ಲಿ ಅವಳು ಬಾಯಿ ಬಿಟ್ಟಾಗ ಹಿರಿಯರೆನಿಸಿಕೊಂಡ ನಾವು ಹೇಳಿದ್ದು, ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ, ಮಗುವಿನ ಮುಖ ನೋಡು.’ ಆ ಗಂಡ ನಮ್ಮ ಸ್ನೇಹಿತ, ಸಮಿತಿಯ ಕೆಲಸಕ್ಕೆ ಮೊದಲು ಬರುತ್ತಿದ್ದವನು. ಕೊನೆಗೆ ಅವಳು ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯ ಪಕ್ಕದ ಫೋನಿನಿಂದ ಕರೆ ಮಾಡಿದ್ದು ನಮಗಲ್ಲ. ಅತ್ತ ಕಡೆ ಎತ್ತಿದವರಿಗೆ ಕನ್ನಡ ಬರುತ್ತಿರಲಿಲ್ಲ. ಹರಕುಮುರುಕು ಹಿಂದಿಯಲ್ಲಿ ಮಾತು ನಡೆಯಿತಂತೆ. ಅಷ್ಟು ಸಾಕಾಯಿತು.

ಆ ಫೋನೆತ್ತಿದವರು ಯಾರೆಂದು ನಮಗೆ ಇಂದಿಗೂ ತಿಳಿಯದು. ಅವರನ್ನು ವೇದಿಕೆಗೆ ಕರೆಯುವುದೂ ಸುಲಭವಲ್ಲ. ಆಶ್ರಯಗೃಹದ ವಿಳಾಸ ಗುಪ್ತ, ಒಳಗಿರುವವರ ಹೆಸರು ಗುಪ್ತ. ತಾವು ಉಳಿಸಿದವರ ಕಥೆಯನ್ನು ಅವರು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಹೇಳಬಲ್ಲವರು ಕೆಲವರಿದ್ದಾರೆ. ಬಾಲ್ಯದಲ್ಲಿ ತಾವೇ ದೇವದಾಸಿಯಾಗಿ ಬಿಡಲ್ಪಟ್ಟು, ಘಟಪ್ರಭಾದ ಸಂಸ್ಥೆಯ ಮೂಲಕ ಆ ಪದ್ಧತಿಯ ವಿರುದ್ಧ ದುಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ ನಮ್ಮ ಕೂಟಗಳಲ್ಲಿ ಅದರ ಪ್ರಸ್ತಾಪವೇ ಬರಲಿಲ್ಲ. ಮುಂದಿನ ರಾಜ್ಯೋತ್ಸವಕ್ಕೆ ಆರ್ಟೀಸಿಯಾದಿಂದಲೋ ಸ್ಯಾನ್ ಮಾರ್ಕಸ್‌ನಿಂದಲೋ ಒಬ್ಬ ಕಾರ್ಯಕರ್ತೆಯನ್ನು ಅತಿಥಿಯಾಗಿ ಕರೆಯಬೇಕೆಂದು, ಕನ್ನಡ ಬಲ್ಲ ಕೆಲವರು ದುಭಾಷಿಗಳಾಗಿ ಹೆಸರು ಕೊಡಬೇಕೆಂದು ಸಮಿತಿಯಲ್ಲಿ ವಿನಂತಿಸಿದ್ದೇವೆ.

ಸಂಪಾದಕರಲ್ಲಿಯೂ ಒಂದು ಕೋರಿಕೆಯಿದೆ. ರಾಷ್ಟ್ರೀಯ ಗೃಹಹಿಂಸೆ ಸಹಾಯವಾಣಿ 1996ರಿಂದ ಹಗಲಿರುಳು ನಡೆಯುತ್ತಿದೆ. ದುಭಾಷಿಯನ್ನು ಕೇಳಿ ಪಡೆಯಬಹುದು. ಅದರ ಸಂಖ್ಯೆ 1-800-799-7233, ಪ್ರಾಣಭಯವಿದ್ದಾಗ 911. ಇದನ್ನು ಪ್ರತಿ ಸಂಚಿಕೆಯಲ್ಲಿಯೂ ಅಚ್ಚುಮಾಡಿರಿ. ಕಾರ್ಯಕ್ರಮದ ದಿನ ಚಿಕ್ಕ ಚೀಟಿಗಳಲ್ಲಿ ಬರೆದು ಸಭಾಂಗಣದ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿರಿ. ಅಲ್ಲಿ ಅವಳ ಪಕ್ಕದಲ್ಲಿ ಯಾರೂ ನಿಂತಿರುವುದಿಲ್ಲ.